ಎಡ ಸೊಂಟದ ಬಳೆ

ಜನವರಿ 9

ಸೂಜಿ,

ಹೊಲಿಗೆಗೆಂದು ನೀನು ಕಳಿಸಿದ ನಕ್ಷೆ ಬಂತು. ಅದರ ಜೊತೆ ಪಟ್ಟಿಯ ಸುರುಳಿಯೂ ಬಂತು. ಎರಡನ್ನೂ ಮೇಜಿನ ಮೇಲಿಟ್ಟು ಒಂದು ಲೋಟ ನೀರು ಕುಡಿದೆ. ಆಮೇಲೆ ಎರಡನ್ನೂ ಅದೇ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿದೆ. ಈ ಕಾಗದದ ಬೆನ್ನಿಗೇ ಪೆಟ್ಟಿಗೆ ನಿನ್ನನ್ನು ತಲುಪುತ್ತದೆ. ನಾನು ಹೊಲಿಯುವುದಿಲ್ಲ.

ನಿನಗೇನು ತಲೆ ಕೆಟ್ಟಿದೆಯಾ? ನವೆಂಬರಿನಲ್ಲಿ ನಿನ್ನಣ್ಣ ನಾನು ಹೊಲಿದ ಜೀನನ್ನೇ ಹಾಕಿಕೊಂಡು ಆ ನೀರು ತುಂಬಿದ ಗುಹೆಯೊಳಗೆ ಹೋದ. ಹೋದವನು ಬರಲಿಲ್ಲ. ಪೊಲೀಸರು ಕರೆಸಿದ ಮುಳುಗುಗಾರರು ಒಳಗಿನ ಆ ಇಕ್ಕಟ್ಟು ಸಂದಿಯವರೆಗೆ ಹೋಗಿ, ಇದರಾಚೆ ನಮ್ಮ ಕೈಲಾಗದು ಎಂದು ಕೈ ತೊಳೆದುಕೊಂಡರು. ಈಗ ನೀನು ಹೋಗಿ ಅವನನ್ನು ತರುತ್ತೀಯಂತೆ. ಅದಕ್ಕೆ ನಾನೇ ಕೂತು ಇನ್ನೊಂದು ಜೀನು ಹೊಲಿದು ಕೊಡಬೇಕಂತೆ. ಹೆತ್ತವಳ ಹತ್ತಿರ ಕೇಳುವ ಮಾತೇ ಇದು?

ನಿಮ್ಮ ಭಾಷೆಯಲ್ಲಿ ಅದು ಹಾರ್ನೆಸ್ಸು. ನನಗೆ ಜೀನೇ. ಹೆಗಲಿಗೆ ಪಟ್ಟಿ, ಬೆನ್ನಿಗೆ ಪಟ್ಟಿ, ಸೊಂಟಕ್ಕೆ ಪಟ್ಟಿ, ತೊಡೆಸಂದಿಗೆ ಪಟ್ಟಿ, ಕಡೆಗೆ ಎರಡು ಪಕ್ಕೆಗೂ ಒಂದೊಂದು ಗಾಳಿಯ ಸಿಲಿಂಡರು. ಕತ್ತೆಗೆ ಹೇರು ಕಟ್ಟುವುದಕ್ಕೂ ಇದಕ್ಕೂ ಏನೋ ವ್ಯತ್ಯಾಸ ಎಂದು ಅವನನ್ನು ರೇಗಿಸುತ್ತಿದ್ದೆ. "ಕತ್ತೆ ಇಷ್ಟು ಸಣ್ಣ ಸಂದಿಯಲ್ಲಿ ತೂರಲ್ಲಮ್ಮಾ" ಅನ್ನುತ್ತಿದ್ದ. ನಗುತ್ತಿದ್ದೆವು.

ಇಲ್ಲಿ ಲಾರಿಯವರ ಸೀಟು ಕವರುಗಳು ರಾಶಿ ಬಿದ್ದಿವೆ. ನೀವಿಬ್ಬರೂ ಹೆಸರಿಟ್ಟ ನಮ್ಮ ಹೊಲಿಗೆ ಮಷೀನು, ಆ ಕುಂಟಮ್ಮ, ಇನ್ನೂ ಕುಂಟುತ್ತಾಳೆ. ಏಳೆಂಟು ಹೊಲಿಗೆ ನೆಟ್ಟಗೆ ಹಾಕಿ ಆಮೇಲೆ ಒಂದು ಉದ್ದದ ಹೆಜ್ಜೆ ಇಡುತ್ತಾಳೆ. ರಿಪೇರಿಯವನು ಬಂದು ಬಗ್ಗಿ ನೋಡಿ, "ಹಲ್ಲು ಸವೆದಿದೆ ಅಕ್ಕಾ, ಎರಡೆರಡು ಸಲ ಓಡ್ಸಿ, ಏನೂ ಆಗಲ್ಲ" ಎಂದ. ಎರಡೆರಡು ಸಲ ಓಡಿಸುತ್ತೇನೆ. ಯಾವ ಊರಿನ ಯಾವ ಲಾರಿಯಲ್ಲಿ ಕಂಡರೂ ಇದು ನನ್ನ ಸೀಟು ಎಂದು ಹೇಳಬಲ್ಲೆ.

ಫೋನು ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಬೈಯುತ್ತೇನೆ, ಕೆಲಸದ ಮಾತು ಒಂದೂ ಆಗುವುದಿಲ್ಲ. ಏನಿದ್ದರೂ ಬರೆ.

ಹೊಲಿಯದೇ ಇರುವ,
ನಿನ್ನ ಅಮ್ಮ


ಜನವರಿ 20

ಅಮ್ಮಾ,

ಪೆಟ್ಟಿಗೆ ಬಂತು. ಹಗ್ಗಕ್ಕೆ ನೀನು ಹಾಕಿದ ಗಂಟು ಬಿಚ್ಚಲಾಗದೆ ಚಾಕುವಿನಿಂದ ಕತ್ತರಿಸಿದೆ. ಸಿಟ್ಟಿನಲ್ಲೂ ನಿನ್ನ ಗಂಟು ಸಡಿಲವಾಗುವುದಿಲ್ಲ.

ನೀನು ಹೊಲಿಯದಿದ್ದರೆ ನಾನೇ ಹೊಲಿದುಕೊಳ್ಳುತ್ತೇನೆ. ಇದು ಬೆದರಿಕೆ ಅಲ್ಲ. ಅಂಗಡಿಯ ಹಾರ್ನೆಸ್ಸು ಹಾಕಿ ನೋಡಿದೆ, ಎಮ್ಮೆಯ ಅಳತೆಗೆ ಮಾಡಿಸಿದ ಹಾಗಿದೆ. ನನಗೆ ಹಾಕಿದರೆ ಬೆನ್ನ ಹಿಂದೆ ಗೂನು ಬರುತ್ತದೆ. ಆ ಸಂದಿಯಲ್ಲಿ ಗೂನಿಗೆ ಜಾಗವಿಲ್ಲ. ಸಿಲಿಂಡರುಗಳನ್ನು ಬೆನ್ನಿನಿಂದ ಇಳಿಸಿ ಪಕ್ಕೆಗೆ ಕಟ್ಟಿಕೊಳ್ಳುವುದೇ ಅದಕ್ಕೆ. ಮೈ ಚಪ್ಪಟೆಯಾಗಿ ಕಲ್ಲಿನ ನಡುವೆ ಸರಿಯುತ್ತದೆ, ಇನ್ನೂ ಇಕ್ಕಟ್ಟಾದರೆ ಸೊಂಟದ ಕೊಂಡಿ ಕಳಚಿ ಸಿಲಿಂಡರನ್ನು ಮುಂದಕ್ಕೆ ತಳ್ಳಿಕೊಂಡು ಹೋಗಬಹುದು. ಅಣ್ಣ ನಿನಗೆ ಇದನ್ನೆಲ್ಲ ನೂರು ಸಲ ಹೇಳಿದ್ದಾನೆ. ನೀನು ಕೇಳಿಸಿಕೊಂಡಿಲ್ಲ, ಅವನು ಊಟ ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ನೋಡುತ್ತಿದ್ದೆ.

ಅಲ್ಲಿ ತೂರಬಲ್ಲವಳು ಈಗ ನಾನೊಬ್ಬಳೇ. ಅಣ್ಣನ ಜೊತೆ ನೀರಿಗಿಳಿಯುತ್ತಿದ್ದ ಮೌನಿಯ ಎದೆ ಅಗಲ. ಅವತ್ತೂ ಅವನು ಸಂದಿಯ ಈಚೆಗೇ ನಿಂತಿದ್ದ, ಅಣ್ಣ ಒಬ್ಬನೇ ಆಚೆ ಹೋದ. ಮೌನಿ ಈಗ ಗಾಳಿ ತುಂಬುವ ಶೆಡ್ಡಿನಲ್ಲಿ ಕಂಪ್ರೆಸರಿನ ಪಕ್ಕದಲ್ಲೇ ಮಲಗುತ್ತಾನೆ. ಮೊದಲೇ ಮಾತು ಕಡಿಮೆ, ಈಗ ಕೇಳಿದ್ದಕ್ಕೂ ತಲೆ ಅಲ್ಲಾಡಿಸುತ್ತಾನೆ ಅಷ್ಟೆ. ನಾನು ದಿನವಿಡೀ ಯಾರುಯಾರದೋ ಸಿಲಿಂಡರು ತುಂಬಿ ಕೊಡುತ್ತೇನೆ. ಶೆಡ್ಡಿನ ಕಿಟಕಿಯಿಂದ ಸುಣ್ಣದ ಕಲ್ಲಿನ ಗಣಿ ಕಾಣುತ್ತದೆ, ಗಣಿಯ ತಳದಲ್ಲಿ ನೀರು, ನೀರಿನ ಮೂಲೆಯಲ್ಲಿ ಗುಹೆಯ ಬಾಯಿ. ಅವನು ಅಲ್ಲಿದ್ದಾನೆ. ನನಗೆ ಕಾಣುವಷ್ಟು ಹತ್ತಿರ. ಬೆನ್ನು ತಿರುಗಿಸಿ ಕೂತರೂ ಗೊತ್ತಾಗುತ್ತಿರುತ್ತದೆ ಅಮ್ಮಾ.

ಗುಜರಿಯಿಂದ ಹಳೆಯ ಕಾರುಗಳ ಸೀಟು ಬೆಲ್ಟು ತಂದಿದ್ದೇನೆ. ಸಿಲಿಂಡರಿನ ಕತ್ತನ್ನು ಕಂಕುಳಿಗೆ ಎಳೆದು ಹಿಡಿಯಲು ಲಾರಿಯ ಟ್ಯೂಬು ಕತ್ತರಿಸಿ ರಬ್ಬರು ಮಾಡಿಕೊಂಡೆ. ಸಿಲಿಂಡರಿನ ಕೊಂಡಿ ಸಿಕ್ಕಿಸುವ ಸ್ಟೀಲಿನ ಬಳೆಗಳು ಇವೆ. ಹೊಲಿಗೆಗೆ ಮೋಚಿಯ ದಬ್ಬಳ, ಮೇಣದ ದಾರ. ಬಳೆ ಸೇರಿಸಿ ಒಂದು ಪಟ್ಟಿಯ ತುಂಡು ಹೊಲಿದು ಕಳಿಸಿದ್ದೇನೆ. ನೋಡು ಎಂದು ನಾನು ಕೇಳುತ್ತಿಲ್ಲ. ಸುಮ್ಮನೆ ಕಳಿಸಿದ್ದೇನೆ.

ಮೊಂಡುತನ ಯಾರಿಂದ ಬಂತೋ ಗೊತ್ತಿರುವ,
ಸೂಜಿ


ಫೆಬ್ರವರಿ 2

ಸೂಜಿ,

ಅದನ್ನು ಹೊಲಿಗೆ ಅಂತೀಯಾ? ಬಳೆಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಮೈಭಾರ ಬಿಟ್ಟು ಒಂದು ಸಲ ಎಳೆದೆ. ಪರಪರ ಬಿಚ್ಚಿಕೊಂಡು ಬಂತು. ಎಳೆದ ರಭಸಕ್ಕೆ ಹಿಂದಕ್ಕೆ ಬಿದ್ದೆ, ಮೊಣಕೈ ತರಚಿತು. ನಿನ್ನ ಪುಣ್ಯಕ್ಕೆ ಮನೆಯಲ್ಲಿ ಬಿದ್ದೆ. ಇದು ನೀರಿನೊಳಗೆ, ಕತ್ತಲಲ್ಲಿ ಬಿಚ್ಚಿದ್ದರೆ?

ನಾನು ಹೊಲಿದು ಕೊಡುವುದಿಲ್ಲ, ಅದು ಬದಲಾಗಿಲ್ಲ. ಆದರೆ ನನ್ನ ಮಗಳಾಗಿ ಇಂಥ ಹೊಲಿಗೆ ಹಾಕಿದೆ ಎಂದು ಯಾರಿಗಾದರೂ ಗೊತ್ತಾದರೆ ನಾನು ಅಂಗಡಿ ಮುಚ್ಚಬೇಕು. ಆದ್ದರಿಂದ ಕೇಳು. ಪಟ್ಟಿಯ ಅಂಚನ್ನು ಮೊದಲು ಬೆಂಕಿಗೆ ಹಿಡಿದು ಕರಗಿಸು, ಇಲ್ಲದಿದ್ದರೆ ಎಳೆ ಎಳೆಯಾಗಿ ಬಿಚ್ಚುತ್ತದೆ. ಬಳೆಯೊಳಗೆ ತೂರಿಸಿದ ಮೇಲೆ ಮಡಿಕೆ ಕಿರುಬೆರಳಿಗಿಂತ ಉದ್ದವಿರಲಿ. ನೀನು ಜಿಪುಣತನ ಮಾಡಿದ್ದೀಯ, ಬೆಲ್ಟು ಗುಜರಿಯದು, ನಿನ್ನಪ್ಪನ ಆಸ್ತಿಯಲ್ಲ. ಮಡಿಕೆಯ ಸುತ್ತ ಚೌಕ ಹೊಲಿ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಎರಡು ಗೆರೆ. ಬೆಲ್ಟಿನ ಅಂಚಿಗೆ ತೀರ ಹತ್ತಿರ ಹೋಗಬೇಡ. ತೂತು ದೊಡ್ಡದಾಗಿ ಹೊಡೆದಿದ್ದೀಯ, ದಬ್ಬಳವನ್ನು ಮಸೆ, ಸಣ್ಣದು ಮಾಡು.

ಎಲ್ಲಕ್ಕಿಂತ ಮುಖ್ಯ ಇದು. ಕಡೆಗೆ ಬಂದಾಗ ಹಾಗೇ ದಾರ ಕತ್ತರಿಸಬೇಡ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ ನಾಲ್ಕು ಹೊಲಿಗೆ ಹಾಕಿ ಬೀಗ ಹಾಕು. ಬೀಗ ಹಾಕದ ಹೊಲಿಗೆ ನೋಡುವುದಕ್ಕೆ ಚೆಂದ ಇರುತ್ತದೆ, ಎಳೆದಾಗ ಗೊತ್ತಾಗುತ್ತದೆ. ಎಷ್ಟೇ ಅವಸರವಿರಲಿ, ಯಾರೇ ಬಾಗಿಲಲ್ಲಿ ನಿಂತು ಬೇಗ ಬೇಗ ಅನ್ನಲಿ, ಬೀಗ ಹಾಕು.

ಇನ್ನೊಂದು ಮಾತು. ಅವತ್ತು ಸುದ್ದಿ ಹೇಳಲು ಬಂದ ಮೌನಿ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾ ಒಂದೇ ಒಂದು ವಿಷಯ ಹೇಳಿದ. "ಆಚೆ ಹೋಗೋವಾಗ ಅವನ ಎಡಗಡೆ ಸಿಲಿಂಡರು ನೇತಾಡ್ತಾ ಇತ್ತು" ಎಂದ. ಅದು ಎಡ ಸೊಂಟದ ಬಳೆಗೆ ಸಿಕ್ಕಿಸುವ ಸಿಲಿಂಡರು. ಬಳೆ ಕಿತ್ತು ಬಂದು ನೇತಾಡುತ್ತಿತ್ತೋ, ಅವನೇ ಕೊಂಡಿ ಕಳಚಿದ್ದನೋ? ಕೇಳಿ ತಿಳಿದುಕೋ. ಅದೊಂದೇ ಕೇಳು. ಅವತ್ತು ನನಗೆ ಬಾಯಿ ಬರಲಿಲ್ಲ.

ಮೊಣಕೈಗೆ ಮುಲಾಮು ಹಚ್ಚಿಕೊಂಡಿರುವ,
ಅಮ್ಮ


ಫೆಬ್ರವರಿ 15

ಅಮ್ಮಾ,

ಮೌನಿಯನ್ನು ಕೇಳಿದೆ. ಕಂಪ್ರೆಸರು ಆರಿಸಿ, ಎದುರಿಗೆ ಕೂತು ಕೇಳಿದೆ. ಕೈಯಲ್ಲಿದ್ದ ಸ್ಪ್ಯಾನರನ್ನೇ ತಿರುಗಿಸುತ್ತಿದ್ದ.

"ನೀರು ಕದಡಿತ್ತು," ಎಂದ. "ಅವನ ಕಾಲು ಹೊಡೆತಕ್ಕೆ ಮಣ್ಣೆಲ್ಲ ಎದ್ದಿತ್ತು. ಸಿಲಿಂಡರಿನ ಬಾಲ ಕೆಳಗೆ ಜೋತು ಬಿದ್ದಿದ್ದು ಕಂಡೆ. ಅಷ್ಟೇ ಕಂಡಿದ್ದು."

"ಬಳೆ ಕಿತ್ತಿತ್ತಾ? ಅವನೇ ಬಿಚ್ಚಿದ್ನಾ?"

"ಗೊತ್ತಿಲ್ಲ ಕಣೇ. ಗೊತ್ತಿದ್ದಿದ್ರೆ ಅವತ್ತೇ ಹೇಳ್ತಿದ್ದೆ. ದಿನಾ ಅದೇ ಕೇಳ್ಕೋತೀನಿ ನಾನೂ."

ಆಮೇಲೆ ಎದ್ದು ಹೋಗಿ ಕಂಪ್ರೆಸರು ಹಾಕಿಬಿಟ್ಟ. ಆ ಸದ್ದಿನಲ್ಲಿ ಯಾರಿಗೂ ಮಾತಾಡಲಾಗುವುದಿಲ್ಲ, ಅದಕ್ಕೇ ಹಾಕಿದ್ದು.

ಅಮ್ಮಾ, ಸಂದಿಯಲ್ಲಿ ನಾವೆಲ್ಲರೂ ಕೊಂಡಿಯನ್ನು ನಾವಾಗೇ ಕಳಚುತ್ತೇವೆ. ಅವನೂ ಹಾಗೇ ಕಳಚಿರಬೇಕು. ನೀನು ಏನು ಯೋಚಿಸುತ್ತಿದ್ದೀಯ ಎಂದು ನನಗೆ ಗೊತ್ತು. ಯೋಚಿಸಬೇಡ ಎಂದರೆ ನೀನು ಕೇಳುವವಳಲ್ಲ. ನಾನು ಹೋಗುವುದು ಅವನನ್ನು ತರುವುದಕ್ಕೆ. ಹೋದಾಗ ಬಳೆಯನ್ನೂ ನೋಡಿ ಬರುತ್ತೇನೆ. ಕಣ್ಣಾರೆ ನೋಡಿ ನಿನಗೆ ಬರೆಯುತ್ತೇನೆ.

ಹೊಸ ತುಂಡು ಕಳಿಸಿದ್ದೇನೆ. ಬೀಗ ಹಾಕಿದ್ದೇನೆ. ಶೆಡ್ಡಿನ ತೊಲೆಗೆ ಕಟ್ಟಿ ನಾನೂ ಮೌನಿಯೂ ಇಬ್ಬರೂ ಜೋತುಬಿದ್ದೆವು, ತೊಲೆ ಕಿರುಗುಟ್ಟಿತು, ಹೊಲಿಗೆ ಅಲ್ಲಾಡಲಿಲ್ಲ. ನನ್ನ ಬೆರಳುಗಳಲ್ಲಿ ಮಾತ್ರ ತೂತಿಲ್ಲದ ಜಾಗವಿಲ್ಲ.

ಗಣಿಯ ನೀರಿನಲ್ಲಿ ಮೂರು ಸಲ ಹಾಕಿ ನೋಡಿದೆ. ತೊಡೆಸಂದಿಯ ಪಟ್ಟಿ ಮೊದಲ ದಿನ ಕೊಯ್ದುಬಿಟ್ಟಿತು, ಅದಕ್ಕೆ ಹಳೆಯ ಟ್ಯೂಬಿನ ರಬ್ಬರು ಸುತ್ತಿದೆ. ಗಾಳಿ ಖಾಲಿಯಾಗುತ್ತಾ ಬಂದ ಹಾಗೆ ಸಿಲಿಂಡರಿನ ಬಾಲ ತೇಲಿ ಮೇಲೆ ಬರುತ್ತದೆ, ಆಗ ನಾನು ಬಾತುಕೋಳಿಯ ಹಾಗೆ ಕಾಣುತ್ತೇನೆ, ಕಲ್ಲಿಗೂ ತಗಲುತ್ತದೆ. ಆದ್ದರಿಂದ ಸೊಂಟದಲ್ಲಿ ಎರಡು ಬಳೆ ಬೇಕು: ಹಿಂದೊಂದು, ಮುಂದೊಂದು. ತುಂಬಿದ್ದಾಗ ಹಿಂದಿನದಕ್ಕೆ, ಖಾಲಿಯಾದಾಗ ಮುಂದಿನದಕ್ಕೆ. ಅಲ್ಲಿ ಪಟ್ಟಿ ನಾಲ್ಕು ಪದರ ಆಗುತ್ತದೆ. ದಬ್ಬಳ ಇಳಿಯುತ್ತಿಲ್ಲ. ಏನು ಮಾಡಲಿ?

ಬಾತುಕೋಳಿ,
ಸೂಜಿ


ಮಾರ್ಚ್ 1

ಸೂಜಿ,

ನಾಲ್ಕು ಪದರಕ್ಕೆ ನೀನು ಕೈ ಹಾಕಬೇಡ. ಸೊಂಟದ ಪಟ್ಟಿಯನ್ನು ಇಲ್ಲಿಗೆ ಕಳಿಸು, ಅಳತೆಯ ಗುರುತು ಹಾಕಿ ಕಳಿಸು. ಅದನ್ನು ನಾನು ಹೊಲಿಯುತ್ತೇನೆ. ಚರ್ಮದ ಕೆಲಸಕ್ಕೆ ಬಳಸುವ ದಪ್ಪ ಸೂಜಿ ತಂದು ಕುಂಟಮ್ಮನಿಗೆ ಹಾಕಿಸಿದ್ದೇನೆ. ಮೊದಲೇ ತಂದಿಡಬೇಕಿತ್ತು.

ನೀನು ಕುಣಿದಾಡುವ ಮೊದಲು ಒಂದು ವಿಷಯ ಕೇಳಿಬಿಡು. ನನ್ನ ಮನಸ್ಸು ಕರಗಿ ಒಪ್ಪಿದೆ ಎಂದುಕೊಳ್ಳಬೇಡ. ನೀನು ಬರೆದೆಯಲ್ಲ, ಹೋದಾಗ ಬಳೆಯನ್ನೂ ನೋಡಿ ಬರುತ್ತೇನೆ ಎಂದು, ಆ ಸಾಲು ಓದಿದ ಮೇಲೆ ನಿನಗೆ ಹೋಗಬೇಡ ಎಂದು ಬರೆಯಲು ಕೂತೆ. ಕೈ ಬರಲಿಲ್ಲ. ಹೋಗಲಿ, ನೋಡಲಿ, ಹೇಳಲಿ ಎಂದು ಒಳಗೆ ಒಬ್ಬಳು ಕೂತು ಹೇಳುತ್ತಿದ್ದಳು. ಅವಳೂ ನಾನೇ. ಇದ್ದೊಬ್ಬ ಮಗಳನ್ನು ಒಂದು ಕಬ್ಬಿಣದ ಬಳೆ ನೋಡಿಕೊಂಡು ಬಾ ಎಂದು ಆ ಬಿಲಕ್ಕೆ ಕಳಿಸುವವಳು ಎಂಥ ತಾಯಿ? ಉತ್ತರ ಬರೆಯಬೇಡ. ನನಗೇ ಅಸಹ್ಯ ಆಗಿದೆ.

ಆದರೂ ನನಗೆ ಗೊತ್ತಾಗಬೇಕು. ಸೀಟು ಹೊಲಿಯುವಾಗ, ಪಾತ್ರೆ ತೊಳೆಯುವಾಗ, ಬೀದಿಯಲ್ಲಿ ಯಾರಾದರೂ ನಿಲ್ಲಿಸಿ ಹೇಗಿದ್ದೀರಿ ಎಂದು ಕೇಳಿದಾಗ, ಕಣ್ಣ ಮುಂದೆ ಆ ಬಳೆಯೇ. ಅಂಗಡಿಗೆ ಬಂದವರು ಹೊಲಿಗೆಯನ್ನು ಹೊಗಳಿದರೆ ಮುಖಕ್ಕೆ ಹೊಡೆದ ಹಾಗಾಗುತ್ತದೆ.

ನಿನ್ನ ಎರಡನೆಯ ತುಂಡು ಬಂತು. ಎಳೆದೆ. ಬರಲಿಲ್ಲ. ನಿನ್ನ ಹೊಲಿಗೆ ಸ್ವಲ್ಪ ಎಡಕ್ಕೆ ವಾಲುತ್ತದೆ, ಶಾಲೆಯಲ್ಲಿ ನಿನ್ನ ಅಕ್ಷರವೂ ಹಾಗೇ ಇತ್ತು. ವಾಲಿದರೂ ಗಟ್ಟಿ ಇದೆ. ಇಷ್ಟು ದಿನ ಸೂಜಿಗೆ ದಾರ ಪೋಣಿಸು ಅಂದರೆ ಓಡಿಹೋಗುತ್ತಿದ್ದವಳು ಕಲಿತಿದ್ದೂ ಇದಕ್ಕಾಗಿಯೇ ನೋಡು.

ಅಮ್ಮ


ಮಾರ್ಚ್ 14

ಅಮ್ಮಾ,

ಸೊಂಟದ ಪಟ್ಟಿ ಬಂತು. ಎರಡು ಸಾಲಲ್ಲ, ಮೂರು ಸಾಲು ಓಡಿಸಿದ್ದೀಯ. ಅದರಿಂದ ಲಾರಿಯನ್ನೇ ಎಳೆಯಬಹುದು ಎಂದು ಮೌನಿ ಹೇಳಿದ, ಇದು ಅವನು ಈ ತಿಂಗಳಲ್ಲಿ ಆಡಿದ ಅತಿ ಉದ್ದದ ಮಾತು. ಕುಂಟಮ್ಮನ ಹೆಜ್ಜೆ ಮೂರು ಸಾಲಿನಲ್ಲೂ ಕಂಡಿತು. ಅದರ ಮೇಲೆ ಬೆರಳಾಡಿಸಿ ನೋಡಿದೆ.

ಎಲ್ಲ ಜೋಡಿಸಿ ಹಾಕಿಕೊಂಡೆ. ಮೈಗೆ ಚರ್ಮದ ಹಾಗೆ ಕೂತಿದೆ. ಇಟ್ಟಿಗೆಗಳ ಮೇಲೆ ಬೆಂಚು ಇಟ್ಟು ಅದರ ಕೆಳಗೆ ತೆವಳಿದೆ, ಮೌನಿ ಒಂದೊಂದೇ ಇಟ್ಟಿಗೆ ತೆಗೆಯುತ್ತಾ ಹೋದ, ಕಡೆಯ ಇಟ್ಟಿಗೆಯವರೆಗೂ ತೂರಿದೆ.

ನೀರು ಈಗ ತಿಳಿಯಾಗಿದೆ. ಈ ವಾರ ಹೋಗುತ್ತೇವೆ. ಮೌನಿ ಸಂದಿಯ ಈಚೆ ದೀಪ ಹಿಡಿದು ಕಾಯುತ್ತಾನೆ.

ಉತ್ತರ ಬರೆಯಬೇಡ ಅಂದೆ ನೀನು, ಆದರೂ ಬರೆಯುತ್ತೇನೆ. ನೀನು ಎಂಥ ತಾಯಿಯೂ ಅಲ್ಲ, ನಮ್ಮಮ್ಮ. ನಾನು ಹೇಗಿದ್ದರೂ ಹೋಗುತ್ತಿದ್ದೆ.

ಸೂಜಿ


ಏಪ್ರಿಲ್ 3

ಸೂಜಿ,

ಈ ವಾರ ಎಂದು ಬರೆದಿದ್ದೆ. ಎಷ್ಟು ವಾರ ಕಳೆಯಿತು. ನಾನೇ ಫೋನು ಬೇಡ ಎಂದವಳು ಫೋನು ಮಾಡಿದೆ. ನಿನ್ನ ಫೋನು ಆಫ್ ಆಗಿದೆ. ಶೆಡ್ಡಿನ ನಂಬರಿಗೆ ಮಾಡಿದರೆ ಮೌನಿ ಎತ್ತಿಕೊಂಡ. "ಇದ್ದಾಳೆ" ಎಂದ. "ಹೋಗಿದ್ಲಾ?" ಅಂದೆ. ಕಂಪ್ರೆಸರಿನ ಸದ್ದು ಶುರುವಾಯಿತು, ಫೋನು ಇಟ್ಟ.

ಇದ್ದೀಯ ಎಂದರೆ ನಿನ್ನ ಕೈಯಿಂದ ಒಂದು ಸಾಲು ಬರೆ. ಬಳೆ ಗಿಳೆ ಏನೂ ಬೇಡ. ಇದ್ದೇನೆ ಎಂದಷ್ಟೇ ಬರೆ.

ಅಮ್ಮ


ಏಪ್ರಿಲ್ 7

ಅಮ್ಮಾ,

ಇದ್ದೇನೆ. ತಡವಾಯಿತು, ಕ್ಷಮಿಸು. ಶೀತ ಹಿಡಿದು ಕಿವಿ ನೋವು ಬಂದಿತ್ತು, ಬರೆಯಲಾಗಲಿಲ್ಲ.

ಹೋಗಿದ್ದೆ. ಸಂದಿ ದಾಟಿದೆ. ಅವನು ಅಲ್ಲೇ, ಸ್ವಲ್ಪ ಆಚೆ ಇದ್ದಾನೆ. ಶಾಂತವಾಗಿದ್ದಾನೆ, ನೋವು ಪಟ್ಟ ಹಾಗೆ ಕಾಣಲಿಲ್ಲ. ಅವನನ್ನು ಆ ಸಂದಿಯಿಂದ ಈಚೆಗೆ ತರುವುದು ಯಾರಿಂದಲೂ ಆಗುವುದಿಲ್ಲ ಎಂದು ಅಲ್ಲಿ ನೋಡಿದ ಮೇಲೆ ಗೊತ್ತಾಯಿತು. ಆದ್ದರಿಂದ ಅವನನ್ನು ಅಲ್ಲೇ ಬಿಟ್ಟು ಬಂದೆ.

ಬಳೆ ನೋಡಿದೆ. ಗಟ್ಟಿಯಾಗಿತ್ತು ಅಮ್ಮಾ. ಹೊಲಿಗೆ ಎಳ್ಳಷ್ಟೂ ಬಿಚ್ಚಿರಲಿಲ್ಲ. ಕೊಂಡಿಯನ್ನು ಅವನೇ ಕಳಚಿದ್ದಾನೆ, ನಾನು ಹೇಳಿದ ಹಾಗೆಯೇ. ನೀನು ಬರೀ ಮಾತನ್ನು ನಂಬುವವಳಲ್ಲ ಎಂದು ಎಡ ಸೊಂಟದ ಬಳೆಯನ್ನು ಪಟ್ಟಿಯ ಸಮೇತ ಕತ್ತರಿಸಿ ತಂದಿದ್ದೇನೆ. ಇದರ ಜೊತೆ ಇದೆ. ಎಳೆದು ನೋಡು. ಚಿಲಕ ಕಿತ್ತು ಬಂದೀತು, ಇದು ಬರುವುದಿಲ್ಲ.

ಇನ್ನು ನೀನು ನೆಮ್ಮದಿಯಾಗಿ ಇರಬೇಕು. ನನಗೆ ಬೇಕಾದ್ದು ಅದೊಂದೇ.

ನಿನ್ನ,
ಸೂಜಿ


ಏಪ್ರಿಲ್ 19

ಸೂಜಿ,

ಪೊಟ್ಟಣ ಬಂದ ದಿನ ಸಂಜೆ ನಾನು ಏನು ಮಾಡಿದೆ ಗೊತ್ತಾ? ಬಳೆಯನ್ನು ಚಿಲಕಕ್ಕೆ ಸಿಕ್ಕಿಸಿ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಬರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಬಾಯಿಬಿಟ್ಟು ಅತ್ತೆ, ಪಕ್ಕದ ಮನೆಯವಳು ಬಂದು ಬಾಗಿಲು ತಟ್ಟಿದಳು. ಅವಳಿಗೆ ಬಳೆ ತೋರಿಸಿ "ನೋಡು, ನಂದಲ್ಲ ತಪ್ಪು, ನಂದಲ್ಲ" ಎಂದೆ. ಅವಳಿಗೆ ತಲೆಬುಡ ಗೊತ್ತಾಗಲಿಲ್ಲ, ಪಾಪ, ಬೆನ್ನು ಸವರಿ ಹೋದಳು. ಊಟ ಮಾಡಿದೆ. ನವೆಂಬರಿನಿಂದ ಈಚೆಗೆ ಹೊಟ್ಟೆ ತುಂಬ ಊಟ ಮಾಡಿದ್ದು ಅವತ್ತೇ.

ಬೆಳಿಗ್ಗೆ ಮತ್ತೆ ನೋಡುವ ಆಸೆಯಾಯಿತು. ಕಿಟಕಿಯ ಬೆಳಕಿಗೆ ಹಿಡಿದೆ.

ಕುಂಟಮ್ಮನ ಉದ್ದ ಹೆಜ್ಜೆ ಇತ್ತು. ಆ ಹೆಜ್ಜೆಯನ್ನು ನೀನೇ ಲೆಕ್ಕ ಹಾಕಿ, ದಬ್ಬಳದಲ್ಲಿ ಒಂದೊಂದೇ ಹಾಕಿದ್ದೀಯ. ಎಷ್ಟು ದಿನ ಕೂತೆಯೇ ಅದಕ್ಕೆ? ಕೆಸರಿನಲ್ಲಿ ನೆನೆಸಿ, ಕಲ್ಲಿಗೆ ಉಜ್ಜಿ, ಹಳೆಯದಾಗಿ ಕಾಣುವ ಹಾಗೆ ಮಾಡಿದ್ದೀಯ. ಆದರೆ ಹೊಲಿಗೆ ಎಡಕ್ಕೆ ವಾಲಿದೆ. ಅದೂ ಹೋಗಲಿ, ನನ್ನ ಕಣ್ಣಿಗೆ ವಯಸ್ಸಾಯಿತು ಎಂದುಕೊಳ್ಳಬಹುದಿತ್ತು.

ನಿನಗೆ ನಾನು ಹೇಳದ ಮಾತೊಂದಿದೆ. ಅವನ ಎಡ ಸೊಂಟದ ಬಳೆಯನ್ನು ಕುಂಟಮ್ಮ ಹೊಲಿಯಲಿಲ್ಲ. ನಾಲ್ಕು ಪದರದ ಮೇಲೆ ಸೂಜಿ ಮುರಿಯಿತು. ಬೇರೆ ದಪ್ಪ ಸೂಜಿ ಮನೆಯಲ್ಲಿರಲಿಲ್ಲ. ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಬಸ್ಸು ಹೋಗುತ್ತೆ, ಬೇಗ ಕೊಡಮ್ಮಾ" ಎನ್ನುತ್ತಿದ್ದ. ಅದೊಂದು ಬಳೆಯನ್ನು ಕೈಯಲ್ಲೇ ಹೊಲಿದೆ. ಕೈಹೊಲಿಗೆ ಕುಂಟುವುದಿಲ್ಲ.

ಕಡೆಯಲ್ಲಿ ಬೀಗ ಹಾಕಿದೆನೋ, ಹಾಗೇ ದಾರ ಕತ್ತರಿಸಿ ಅವನ ಕೈಗೆ ಕೊಟ್ಟೆನೋ, ಎಷ್ಟು ತಲೆ ಚಚ್ಚಿಕೊಂಡರೂ ನೆನಪಿಗೆ ಬರುವುದಿಲ್ಲ. ಹಲ್ಲಿನಲ್ಲಿ ದಾರ ಕಡಿದದ್ದು ನೆನಪಿದೆ. ದಾರದ ಮೇಣದ ರುಚಿ ನೆನಪಿದೆ. ಅವನು ಮೆಟ್ಟಿಲು ಇಳಿದ ಸದ್ದು ನೆನಪಿದೆ. ಬೀಗ ಮಾತ್ರ ನೆನಪಿಲ್ಲ.

ಸಿಟ್ಟಿಲ್ಲ. ನಿಜವಾಗಿಯೂ ಇಲ್ಲ. ಒಂದು ಸಂಜೆಯನ್ನು ನೀನು ನನಗೆ ಕೊಟ್ಟೆ, ಅಷ್ಟನ್ನೂ ಯಾರೂ ಕೊಟ್ಟಿರಲಿಲ್ಲ. ಅಲ್ಲಿ ಏನಾಯಿತು ಎಂದು ಬರೆ. ಸುಳ್ಳು ನಿನಗೆ ಒಗ್ಗುವುದಿಲ್ಲ, ಚಿಕ್ಕಂದಿನಿಂದಲೂ.

ಅಮ್ಮ


ಮೇ 2

ಅಮ್ಮಾ,

ಸಂದಿ ದಾಟಲಿಲ್ಲ.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಹಾರ್ನೆಸ್ಸು ಹಾಕಿದ್ದೇನೆ ಎಂದೇ ಅನ್ನಿಸುತ್ತಿರಲಿಲ್ಲ. ಅಣ್ಣ ಕಟ್ಟಿದ ದಾರಿಹಗ್ಗ ಹಾಗೇ ಇದೆ, ಅದನ್ನು ಬೆರಳ ನಡುವೆ ಹಿಡಿದು ಹೋದೆವು. ಸಂದಿಯ ಬಾಯಿಗೆ ಬಂದು ಎಡಗಡೆಯ ಕೊಂಡಿ ಕಳಚಿ, ಸಿಲಿಂಡರನ್ನು ಮುಂದಕ್ಕೆ ತಿರುಗಿಸಿ, ತಲೆ ಒಳಗೆ ಹಾಕಿದೆ. ಭುಜ ಕಲ್ಲಿಗೆ ಸಿಕ್ಕಿತು. ಉಸಿರು ಬಿಟ್ಟರೆ ಭುಜ ತೂರುತ್ತದೆ, ಎಳೆದುಕೊಂಡರೆ ಎದೆ ಕಲ್ಲಿಗೆ ಸಿಕ್ಕುತ್ತದೆ. ಉಸಿರು ಬಿಟ್ಟು ಒಂದು ಗೇಣು ಸರಿದೆ. ಕೈ ಮುಂದಕ್ಕೆ ಚಾಚಿದೆ. ಹಗ್ಗ ಆಚೆಗೂ ಹೋಗಿತ್ತು. ಬಿಗಿಯಾಗಿತ್ತು ಅಮ್ಮಾ. ಆಚೆ ತುದಿಯಲ್ಲಿ ಯಾರೋ ಹಿಡಿದುಕೊಂಡ ಹಾಗೆ.

ಅಲ್ಲಿಂದ ಮುಂದಕ್ಕೆ ಹೋಗಬಹುದಿತ್ತು. ತೂರುತ್ತಿದ್ದೆ, ಬೆಂಚಿನ ಕೆಳಗೆ ಇದಕ್ಕಿಂತ ಸಣ್ಣದರಲ್ಲಿ ತೂರಿದ್ದೇನೆ. ಆದರೆ ಮೈ ಕೇಳಲಿಲ್ಲ. ಹೆದರಿದೆ. ಉಸಿರು ಓಡತೊಡಗಿತು, ಎದೆ ಉಬ್ಬಿ ಕಲ್ಲಿಗೆ ಸಿಕ್ಕಿಕೊಂಡೆ. ಮೌನಿ ಕಾಲು ಹಿಡಿದು ಎಳೆದ. ಆಮೇಲೆ ಹೇಗೆ ಬಂದೆವು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಮೇಲೆ ಬಂದು ದಡದಲ್ಲಿ ವಾಂತಿ ಮಾಡಿದೆ. ಮೌನಿ ನನ್ನ ಪಟ್ಟಿಗಳನ್ನು ಬಿಚ್ಚಿದ.

ಅವನು ಅಷ್ಟು ಹತ್ತಿರ ಇದ್ದ, ನಾನು ಬಿಟ್ಟು ಬಂದೆ. ಅವನನ್ನೂ ತರಲಿಲ್ಲ, ನಿನ್ನ ಬಳೆಯನ್ನೂ ನೋಡಲಿಲ್ಲ. ಇದನ್ನು ನಿನಗೆ ಹೇಗೆ ಬರೆಯಲಿ ಎಂದು ದಬ್ಬಳ ಹಿಡಿದು ಕೂತೆ.

ಈಗ ನೀನು ಬರೆದದ್ದನ್ನು ಓದಿದ ಮೇಲೆ ನನಗೆ ತೀರ್ಮಾನ ಸುಲಭವಾಯಿತು. ಮುಂದಿನ ತಿಂಗಳು ನೀರು ಏರುತ್ತದೆ, ಕದಡುತ್ತದೆ, ಆಮೇಲೆ ನಾಲ್ಕೈದು ತಿಂಗಳು ಯಾರೂ ಇಳಿಯುವ ಹಾಗಿಲ್ಲ. ಅದಕ್ಕೆ ಮೊದಲು ಇನ್ನೊಂದು ಸಲ ಹೋಗುತ್ತೇನೆ. ಅವನನ್ನು ತರುವ ಆಸೆ ಬಿಟ್ಟಿದ್ದೇನೆ. ಬಳೆ ಮಾತ್ರ. ನೀನು ಉಳಿದ ಆಯಸ್ಸನ್ನು ಹೀಗೆ ಬೀಗದ ಲೆಕ್ಕ ಹಾಕುತ್ತಾ ಕಳೆಯುವುದನ್ನು ನಾನು ನೋಡಲಾರೆ. ಮೌನಿ ಬೇಡ ಎನ್ನುತ್ತಿದ್ದಾನೆ, ಬರುವುದಿಲ್ಲ ಎನ್ನುತ್ತಿದ್ದಾನೆ. ಬರದಿದ್ದರೆ ಒಬ್ಬಳೇ ಹೋಗುತ್ತೇನೆ. ಈ ಸಲ ಹೆದರುವುದಿಲ್ಲ.

ಸೂಜಿ


ಮೇ 8

ಸೂಜಿ,

ಹೆದರಿದೆ ಎಂದು ಓದಿ ನಾನು ಕಾಗದವನ್ನು ಎದೆಗೆ ಒತ್ತಿಕೊಂಡೆ. ಅವನೂ ಒಂದು ಸಲ ಹೆದರಿದ್ದರೆ ಏನಾಗುತ್ತಿತ್ತು ಹೇಳು. ನೀನು ಹೆದರಿದ್ದಕ್ಕೆ ನನಗೆ ಇವತ್ತು ಬೈಯಲು ಒಬ್ಬಳು ಉಳಿದಿದ್ದಾಳೆ.

ಈಗ ಸರಿಯಾಗಿ ಕೂತು ಓದು. ಬಳೆ ಕಿತ್ತಿತ್ತು.

ನನಗೆ ನೆನಪು ಬಂತು ಎಂದುಕೋ, ಬರಲಿಲ್ಲ ಎಂದುಕೋ. ಎರಡೂ ಒಂದೇ. ನಾನು ಬೀಗ ಹಾಕಿರಲಿಲ್ಲ. ಅವನು ಬಾಗಿಲಲ್ಲಿ ನಿಂತಿದ್ದ, ಬಸ್ಸಿನ ಅವಸರ, ದಾರ ಕಡಿದು ಕೊಟ್ಟುಬಿಟ್ಟೆ. ಹೊಲಿಗೆ ಬಿಚ್ಚಿತು, ಬಳೆ ಕಿತ್ತಿತು, ಸಿಲಿಂಡರು ನೇತಾಡಿತು, ಅವನು ಅಲ್ಲಿ ಸಿಕ್ಕಿಕೊಂಡ. ಇದೇ ಆದದ್ದು. ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ತೀರ್ಮಾನ ಮಾಡಿದೆ, ಇನ್ನು ನಾನು ಸಾಯುವವರೆಗೂ ಇದೇ. ಯಾರು ಬಂದು ಬೇರೆ ಹೇಳಿದರೂ ಕೇಳುವುದಿಲ್ಲ. ನೀನು ಅವನ ಬಳೆಯನ್ನೇ ತಂದು ಕೈಗಿಟ್ಟರೂ ನಂಬುವುದಿಲ್ಲ, ಅದನ್ನೂ ನೀನೇ ಹೊಲಿದದ್ದು ಎನ್ನುತ್ತೇನೆ.

ಇದನ್ನು ಹೊತ್ತುಕೊಂಡು ನಾನು ಬದುಕಬಲ್ಲೆ. ಗೊತ್ತಿಲ್ಲದೆ ಇರುವುದಕ್ಕಿಂತ ಇದು ಭಾರ, ಆದರೆ ಹೊರಬಲ್ಲೆ. ಇನ್ನೊಬ್ಬಳನ್ನು ಆ ಕಲ್ಲಿನೊಳಗೆ ಬಿಟ್ಟು ಬದುಕುವುದು ನನ್ನಿಂದ ಆಗುವುದಿಲ್ಲ. ಅವನು ಅಲ್ಲೇ ಇರಲಿ. ಅವನಿಗೆ ಇಷ್ಟವಾದ ಜಾಗವೇ ಅದು, ನಾವೇ ಅಲ್ಲಿಂದ ಅವನನ್ನು ಎಳೆದು ಎಳೆದು ಊಟಕ್ಕೆ ಕರೆಯುತ್ತಿದ್ದೆವು.

ಮೌನಿಗೂ ಇದನ್ನೇ ಹೇಳು. ಆ ಹುಡುಗ ದಿನಾ ತನ್ನನ್ನೇ ಕೇಳಿಕೊಳ್ಳುತ್ತೇನೆ ಎಂದನಲ್ಲ, ಇನ್ನು ಕೇಳಿಕೊಳ್ಳಬೇಕಾಗಿಲ್ಲ. ಹೊಲಿಗೆ ಬಿಚ್ಚಿತ್ತು, ಹೊಲಿದವಳು ನಾನು, ಅವನ ತಪ್ಪು ಏನೂ ಇಲ್ಲ ಎಂದು ಹೇಳು.

ನಿನ್ನ ಜೀನನ್ನು ಪಟ್ಟಿ, ಬಳೆ, ರಬ್ಬರು ಸಮೇತ ಅದೇ ಪೆಟ್ಟಿಗೆಗೆ ತುಂಬಿ ಇವತ್ತೇ ಕಳಿಸು. ಪೆಟ್ಟಿಗೆ ಬರುವವರೆಗೆ ನಾನು ಕುಂಟಮ್ಮನ ಮುಂದೆ ಕೂರುವುದಿಲ್ಲ, ಲಾರಿಯವರು ಬೈಯಲಿ. ಬಂದ ಮೇಲೆ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುವುದಿದೆ. ಮೂರು ಸಾಲು ಓಡಿಸಿದ್ದು, ಬೀಗವೂ ಹಾಕಿದ್ದು, ನನ್ನೊಬ್ಬಳ ಕೈಲಿ ಆಗುವುದಿಲ್ಲ. ಪೆಟ್ಟಿಗೆಯ ಹಿಂದೆ ನೀನೂ ಬಾ.

ಅಲ್ಲಿ ಇನ್ನು ನೋಡುವುದಕ್ಕೆ ಏನೂ ಉಳಿದಿಲ್ಲ.

ಅವನ ಅಮ್ಮ,
ನಿನ್ನ ಅಮ್ಮ